ಹದಿನೆಂಟನೇ ನಿಮಿಷದ ನಂತರ

ನನ್ನ ಗೆಳೆಯ ಕಟ್ಟಿದ ಇಪ್ಪತ್ತೆರಡು ನಿಮಿಷದ ಸಂಗೀತದ ಕೊನೆಯ ನಾಲ್ಕು ನಿಮಿಷವನ್ನು ನಾನು ಅಳಿಸಿಹಾಕಿದ್ದೇನೆ. ಇದಾಗಿ ಮೂವತ್ತು ವರ್ಷದ ಮೇಲಾಯಿತು. ಬೇಕೆಂದು ಮಾಡಿದ್ದಲ್ಲ. ಆದರೆ ಅಳಿಸಿದ ದಿನವೇ ನನಗೆ ಗೊತ್ತಾಗಿತ್ತು, ಗೊತ್ತಾದ ಮೇಲೂ ಹೇಳಲಿಲ್ಲ. ಕಳೆದ ಚಳಿಗಾಲದಲ್ಲಿ ಅವನ ಮಗಳು ಫೋನ್ ಮಾಡಿ ಆ ಟೇಪು ಕೇಳುವವರೆಗೂ ಹೇಳಿರಲಿಲ್ಲ.

ಪತ್ರಿಕೆಯ ಡೆಸ್ಕಿನಲ್ಲಿ ಆಯುಸ್ಸು ಕಳೆದವನು ನಾನು. ಮುಖ್ಯವಾದದ್ದನ್ನು ಮೊದಲ ಪ್ಯಾರಾದಲ್ಲೇ ಹೇಳಿ ಮುಗಿಸಬೇಕು ಎಂದು ಅಲ್ಲಿ ಕಲಿಸಿದ್ದರು. ಹೇಳಿದ್ದೇನೆ. ಉಳಿದದ್ದು ವಿವರ.

ಆಗ ನಾವಿಬ್ಬರೂ ದೆಹಲಿಯ ಮುನಿರ್ಕಾದಲ್ಲಿ ಒಂದೇ ಕೋಣೆಯಲ್ಲಿದ್ದೆವು. ಅವನು ಹತ್ತಿರದ ವಿಶ್ವವಿದ್ಯಾಲಯದಲ್ಲಿ ಎಂ.ಎ. ಓದುತ್ತಿದ್ದ, ನಾನು ಒಂದು ಇಂಗ್ಲಿಷ್ ದಿನಪತ್ರಿಕೆಯಲ್ಲಿ ಹೊಸದಾಗಿ ಉಪಸಂಪಾದಕನಾಗಿ ಸೇರಿದ್ದೆ. ಅವನದು ಕೊಡಗಿನ ಕುಟುಂಬ. ತಂದೆ ಸೇನೆಯಲ್ಲಿದ್ದರು. ಹದಿನಾರು ತುಂಬುವುದರೊಳಗೆ ಆರು ಊರುಗಳ ಕ್ವಾರ್ಟರ್ಸ್ ನೋಡಿದ್ದ. ಯಾವುದೋ ಒಂದು ಊರಿನಲ್ಲಿ ಚರ್ಚಿನವರೊಬ್ಬರು ಕೀಬೋರ್ಡ್ ಕಲಿಸಿದ್ದರು. ದೆಹಲಿಗೆ ಬಂದ ಮೇಲೆ ಇನ್ನೂ ಮೂವರನ್ನು ಕೂಡಿಸಿಕೊಂಡು ಬ್ಯಾಂಡ್ ಕಟ್ಟಿದ. ನುಡಿಸುತ್ತಿದ್ದುದು ಪ್ರೊಗ್ರೆಸಿವ್ ರಾಕ್.

ಹಾಗೆಂದರೇನು ಎಂದು ಆಗಲೂ ಎಲ್ಲರೂ ಕೇಳುತ್ತಿದ್ದರು. ಗಿಟಾರು, ಡ್ರಮ್ಸ್ ಎಲ್ಲ ರಾಕ್ ಸಂಗೀತದ್ದೇ. ಆದರೆ ಮೂರು ನಿಮಿಷಕ್ಕೆ ಮುಗಿಯುವ ಹಾಡಲ್ಲ. ಇಪ್ಪತ್ತು ನಿಮಿಷ ಹೋಗುತ್ತದೆ, ನಡುವೆ ತಾಳ ಬದಲಾಗುತ್ತದೆ, ಏಳರ ಎಣಿಕೆಗೆ, ಹನ್ನೊಂದರ ಎಣಿಕೆಗೆ ಹೊರಳುತ್ತದೆ, ಮೊದಲು ಕೇಳಿದ ಧಾಟಿ ಹದಿನೈದು ನಿಮಿಷದ ಮೇಲೆ ಬೇರೆ ವೇಷದಲ್ಲಿ ಹಿಂದಿರುಗುತ್ತದೆ. ಕೇಳುವವನು ಕೂತು ಕೇಳಬೇಕು. ಅರ್ಧ ಶತಮಾನದ ಹಿಂದೆ ಇಂಗ್ಲೆಂಡಿನಲ್ಲಿ ಹುಟ್ಟಿದ ಈ ಪ್ರಕಾರ, ನಾವು ಮುನಿರ್ಕಾದಲ್ಲಿದ್ದ ಹೊತ್ತಿಗೇ ಮುಗಿದು ಹೋಯಿತೆಂದು ಎಲ್ಲರೂ ಬರೆದಾಗಿತ್ತು.

ತಾಲೀಮು ಮಾಳಿಗೆಯ ಮೇಲಿನ ಕೋಣೆಯಲ್ಲಿ ನಡೆಯುತ್ತಿತ್ತು. ಮನೆಯ ಮಾಲೀಕರ ತಾಯಿ, ಎಂಬತ್ತರ ಮುದುಕಿ, ಹುಕ್ಕಾ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂರುತ್ತಿದ್ದರು. ಒಂದು ದಿನ ಇಪ್ಪತ್ತೆರಡು ನಿಮಿಷ ಪೂರ್ತಿ ಕೇಳಿ, ಬಾಗಿಲಿಗೆ ಬಂದು, "ಬೇಟಾ, ಗಾನಾ ಕಬ್ ಶುರೂ ಹೋಗಾ?" ಎಂದರು. ಹಾಡು ಯಾವಾಗ ಶುರುವಾಗುತ್ತದೆ ಎಂದು.

"ಖತಮ್ ಹೋ ಗಯಾ, ಅಮ್ಮಾ," ಎಂದ ಗೆಳೆಯ. ಮುಗಿದೇ ಹೋಯಿತು ಎಂದು.

"ಅಚ್ಛಾ? ಮೈಂ ಸಮಝೀ ಮಿಸ್ತ್ರಿ ಆಯಾ ಹೈ." ರಿಪೇರಿಯವನು ಬಂದಿದ್ದಾನೆ ಅಂದುಕೊಂಡಿದ್ದರಂತೆ.

ಆ ಇಪ್ಪತ್ತೆರಡು ನಿಮಿಷ ಅವನ ತಂದೆಯ ವರ್ಗಾವಣೆಗಳ ಮೇಲೆ ಕಟ್ಟಿದ್ದು. ಆರು ಊರು, ಆರು ಭಾಗ, ಒಂದೊಂದಕ್ಕೂ ಒಂದು ಧಾಟಿ, ಒಂದೊಂದು ತಾಳ. ಏಳನೆಯದು ಕೊನೆಯ ಭಾಗ. ತಂದೆ ನಿವೃತ್ತರಾಗಿ ದೆಹಲಿಯ ಇನ್ನೊಂದು ತುದಿಯಲ್ಲಿ ಬಾಡಿಗೆ ಮನೆ ಹಿಡಿದಾಗ, ಅದುವರೆಗೆ ಬಿಚ್ಚದೇ ಇದ್ದ ಟ್ರಂಕುಗಳನ್ನೂ ಸೇರಿಸಿ ಎಲ್ಲವನ್ನೂ ಒಟ್ಟಿಗೆ ಬಿಚ್ಚಿದರಂತೆ. ಆರೂ ಊರಿನ ಸಾಮಾನು ಒಂದೇ ಹಾಲಿನಲ್ಲಿ. ಅದಕ್ಕೆ ಕೊನೆಯ ನಾಲ್ಕು ನಿಮಿಷದಲ್ಲಿ ಆರೂ ಧಾಟಿಗಳು ಒಂದರ ಮೇಲೊಂದು ಒಟ್ಟಿಗೆ ಬರುತ್ತಿದ್ದವು. ಅದನ್ನು ಕೂಡಿಸಲು ಅವನಿಗೆ ಒಂದು ವರ್ಷ ಹಿಡಿದಿತ್ತು.

ನನಗೆ ಸಂಗೀತ ಬರುವುದಿಲ್ಲ. ನನ್ನ ಬಳಿ ಇದ್ದದ್ದು ವರದಿಗೆ ಬಳಸುವ ಒಂದು ಒಳ್ಳೆಯ ಕ್ಯಾಸೆಟ್ ರೆಕಾರ್ಡರ್. ಹಾಗಾಗಿ ಬ್ಯಾಂಡಿನ ಧ್ವನಿಮುದ್ರಕನೂ ನಾನೇ, ಮುದುಕಿಯನ್ನು ಬಿಟ್ಟರೆ ಏಕೈಕ ಶ್ರೋತೃವೂ ನಾನೇ ಆದೆ. ಪೂರ್ತಿಯಾಗಿ, ತಪ್ಪಿಲ್ಲದೆ ನುಡಿಸಿದ್ದು ಒಂದೇ ಸಲ. ಅದನ್ನು ಮುದ್ರಿಸಿದೆ.

ಒಂದು ಕಾಲೇಜಿನ ಸಂಗೀತ ಸ್ಪರ್ಧೆಗೆ ಕ್ಯಾಸೆಟ್ ಕಳಿಸಬೇಕಿತ್ತು. ಮಿತಿ ಹದಿನೆಂಟು ನಿಮಿಷ. ಕೊನೆಯ ದಿನದ ಹಿಂದಿನ ದಿನ ಗೆಳೆಯ ಸಂಬಂಧಿಕರ ಮದುವೆಗೆಂದು ಮಡಿಕೇರಿಯಲ್ಲಿದ್ದ. ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದ.

"ಹದಿನೆಂಟಕ್ಕೆ ತರ್ಬೇಕಂತೆ ಕಣೋ, ಏನ್ ಮಾಡ್ಲಿ?" ಎಂದೆ.

"ಕತ್ತರಿಸೋದು ನಿನ್ನ ಕಸುಬಲ್ವಾ ಮಾರಾಯ? ನೀನೇ ನೋಡು." ಬೂತಿನ ಮೀಟರ್ ಓಡುತ್ತಿತ್ತು, ಇಟ್ಟುಬಿಟ್ಟ.

ಡೆಸ್ಕಿನಲ್ಲಿ ಕತ್ತರಿಸುವ ಕ್ರಮ ಒಂದೇ. ವರದಿಗಾರ ಮಹತ್ವದ್ದನ್ನು ಮೇಲೆ ಬರೆದಿರುತ್ತಾನೆ, ಇಳಿದಂತೆ ಬೇಡವಾದದ್ದು. ಜಾಗ ಸಾಲದಿದ್ದರೆ ಕೆಳಗಿನಿಂದ ಕತ್ತರಿಸಬೇಕು. ಓದಿ ನೋಡುವ ಅಗತ್ಯವೂ ಇಲ್ಲ. ಅಷ್ಟು ಹೊತ್ತಿಗೆ ಒಂದು ವರ್ಷದಿಂದ ದಿನಕ್ಕೆ ನಲವತ್ತು ಸುದ್ದಿಗಳಿಗೆ ನಾನು ಅದನ್ನೇ ಮಾಡುತ್ತಿದ್ದೆ. ಪಕ್ಕದ ಕೋಣೆಯವರ ಎರಡು ಕ್ಯಾಸೆಟ್ಟಿನ ಟೇಪ್‌ರೆಕಾರ್ಡರಿನಲ್ಲಿ ನಕಲು ಇಳಿಸುತ್ತಾ ಗಡಿಯಾರ ನೋಡಿಕೊಂಡು ಕೂತೆ. ಹದಿನೆಂಟನೇ ನಿಮಿಷಕ್ಕೆ ಎರಡನ್ನೂ ನಿಲ್ಲಿಸಿದೆ. ಗೆಳೆಯನಾಗಿದ್ದರೆ ಮೂರನೆಯ ಭಾಗದ ಉದ್ದನೆಯ ಗಿಟಾರನ್ನು ತೆಗೆಯುತ್ತಿದ್ದ. ಅದು ನನಗೆ ಹೊಳೆಯಲೇ ಇಲ್ಲ.

ಮೂಲ ಕ್ಯಾಸೆಟ್ ಅಲ್ಲೇ, ಹದಿನೆಂಟನೇ ನಿಮಿಷದಲ್ಲಿ ನಿಂತಿತ್ತು. ಅದನ್ನು ತೆಗೆದು ನನ್ನ ರೆಕಾರ್ಡರಿಗೆ ಹಾಕಿಟ್ಟೆ. ಮರುದಿನ ಬೆಳಗ್ಗೆ ವರದಿಗಾರರೊಬ್ಬರಿಗೆ ಜ್ವರವೆಂದು ನನ್ನನ್ನು ಒಬ್ಬ ಸಚಿವರ ಪತ್ರಿಕಾಗೋಷ್ಠಿಗೆ ಓಡಿಸಿದರು. ಹೋಗಿ ಕೂತು ಗುಂಡಿ ಒತ್ತಿದೆ. ಸಂಜೆ ಬರೆದುಕೊಳ್ಳಲು ಕೇಳುವಾಗ ಟೇಪು ತುಸು ಜಾಸ್ತಿ ಹಿಂದೆ ಸುತ್ತಿತು. ಕೀಬೋರ್ಡ್ ಕೇಳಿಸಿತು, ಡ್ರಮ್ಸ್ ಏರುತ್ತಾ ಬಂತು, ಆಮೇಲೆ ಸಚಿವರು ಗಂಟಲು ಸರಿಮಾಡಿಕೊಂಡು ಈರುಳ್ಳಿ ದಾಸ್ತಾನಿನ ಬಗ್ಗೆ ಮಾತಾಡತೊಡಗಿದರು. ಟೇಪು ಮುಗಿಯುವವರೆಗೂ ಮಾತಾಡಿದ್ದರು.

ಬ್ಯಾಂಡ್ ಆಯ್ಕೆಯಾಗಲಿಲ್ಲ. ಹಿಂದಕ್ಕೆ ಬಂದ ಕ್ಯಾಸೆಟ್ಟಿನ ಜೊತೆ ಒಂದು ಚೀಟಿಯಿತ್ತು: ಕೃತಿಗೆ ಮುಕ್ತಾಯವಿಲ್ಲ. ಗೆಳೆಯ ಬೈದದ್ದು ತೀರ್ಪುಗಾರರನ್ನು. ನನ್ನನ್ನು ಕೇಳಿದ್ದು ಇಷ್ಟೇ, "ಪೂರ್ತಿದು ನಿನ್ನ ಹತ್ರ ಉಂಟಲ್ಲ?"

"ಉಂಟು," ಎಂದೆ.

ಅವನಿಗೆ ಸುಳ್ಳು ಹೇಳಿದ್ದು ಒಂದೇ ಸಲ. ಎರಡನೇ ಸಲ ಹೇಳುವ ಪ್ರಮೇಯ ಬರಲಿಲ್ಲ, ಏಕೆಂದರೆ ಅವನು ಮತ್ತೆ ಕೇಳಲಿಲ್ಲ. ಡ್ರಮ್ಸ್ ನುಡಿಸುವವನು ಊರಿಗೆ ಹೋದ, ಗಿಟಾರಿನವನಿಗೆ ಬ್ಯಾಂಕಿನಲ್ಲಿ ಕೆಲಸ ಸಿಕ್ಕಿತು. ಗೆಳೆಯ ನೋಯ್ಡಾದ ಒಂದು ಕಂಪನಿ ಸೇರಿದ, ದೆಹಲಿಯವಳನ್ನೇ ಮದುವೆಯಾದ. ಒಬ್ಬಳೇ ಮಗಳು. ನಾನು ದೆಹಲಿಯಲ್ಲೇ, ಪೀತಮ್‌ಪುರಾದಲ್ಲಿ ಮನೆ ಮಾಡಿದೆ. ಹಬ್ಬಕ್ಕೊಮ್ಮೆ ಕನ್ನಡದವರು ಸೇರುವ ಕಡೆ ಸಿಗುತ್ತಿದ್ದೆವು. ಆ ಹದಿನೆಂಟು ನಿಮಿಷದ ನಕಲನ್ನು ಅವನು ಕಾರಿನಲ್ಲಿ ಹಾಕಿಕೊಂಡು ಕೇಳುತ್ತಿದ್ದುದನ್ನು ನೋಡಿದ್ದೇನೆ. ಆಮೇಲೆ ಅದನ್ನು ಸಿ.ಡಿ.ಗೆ ಇಳಿಸಿದ, ಆಮೇಲೆ ಫೋನಿಗೆ.

ಕಳೆದ ಮಳೆಗಾಲದಲ್ಲಿ ಅವನಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ ಹೋಯಿತು, ಗಾಲಿಕುರ್ಚಿ ಬಂತು. ಮಾತು ನಿಧಾನವಾಯಿತು, ಆದರೆ ಉಳಿಯಿತು.

ಡಿಸೆಂಬರಿನಲ್ಲಿ ಮಗಳ ಫೋನ್ ಬಂತು. ಇಪ್ಪತ್ತಾರು ವರ್ಷದವಳು, ಐ.ಟಿ. ಕಂಪನಿಯಲ್ಲಿದ್ದಾಳೆ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಆಡುವಾಗ ಮೂರು ಭಾಷೆ ಬೆರೆಯುತ್ತದೆ.

"ಅಂಕಲ್, ಪಪ್ಪಂದು ಲಾಂಗ್ ಪೀಸ್ ಇದೆಯಲ್ಲ, ಅದನ್ನ ನಮ್ಮ ಬ್ಯಾಂಡ್‌ನಲ್ಲಿ ಪ್ಲೇ ಮಾಡ್ಬೇಕು ಅಂತ. ಪಪ್ಪಾಗೆ ಎಂಡಿಂಗ್ ಯಾದ್ ನಹೀಂ ಆ ರಹಾ. ನೆನಪಾಗ್ತಿಲ್ಲ ಅಂತ ತುಂಬಾ ಡಿಸ್ಟರ್ಬ್ ಆಗಿದ್ದಾರೆ. ಫುಲ್ ಟೇಪ್ ನಿಮ್ಮ ಹತ್ರ ಇದೆ ಅಂತಾರೆ. ಹೈ ನಾ?"

"ಹುಡುಕ್ತೀನಮ್ಮ," ಎಂದೆ. ಹುಡುಕುವಂಥದ್ದೇನೂ ಇರಲಿಲ್ಲ. ಕ್ಯಾಸೆಟ್ ಬೀರುವಿನ ಮೇಲಿನ ಅರೆಯಲ್ಲಿತ್ತು. ಮೂರು ವಾರ ಹುಡುಕುತ್ತಿದ್ದೇನೆಂದು ಹೇಳಿಕೊಂಡು ಕಳೆದೆ.

ಅದೇ ದಿನಗಳಲ್ಲಿ ಬೆಂಗಳೂರಿನ ಒಂದು ವಾರಪತ್ರಿಕೆಯ ಸಂಪಾದಕರು ಒಂದು ಲೇಖನ ಕೇಳಿದರು. ಪ್ರೊಗ್ರೆಸಿವ್ ರಾಕ್ ಇಂದಿಗೂ ಜೀವಂತವಾಗಿದೆಯೇ ಎಂಬ ವಿಷಯ, ಎಂಟುನೂರು ಪದ. ನಿವೃತ್ತಿಯ ಮೇಲೆ ಇಂಥವು ಬರುತ್ತಿರುತ್ತವೆ. ಲೇಖನಕ್ಕೆ ಗೆಳೆಯನನ್ನು ಮಾತಾಡಿಸುತ್ತೇನೆಂಬ ನೆಪ ಮಾಡಿಕೊಂಡು ಒಂದು ಭಾನುವಾರ ಬೆಳಗ್ಗೆ ಕ್ಯಾಸೆಟ್ ಜೇಬಿಗೆ ಹಾಕಿ ಮೆಟ್ರೊ ಹತ್ತಿದೆ.

ಗೆಳೆಯ ಬಾಲ್ಕನಿಯ ಬಿಸಿಲಿನಲ್ಲಿ ಕೂತಿದ್ದ. ಬಲಗೈಯನ್ನು ತೊಡೆಯ ಮೇಲೆ ಇಡಲಾಗಿತ್ತು. "ಬಾ ಪತ್ರಕರ್ತ," ಎಂದ. "ಮೂರು ವಾರ ಹುಡುಕಿದ್ಯಂತೆ. ನಿಂದೇನು ಮನೆಯಾ, ಗುಜರಿಯಾ?" ಅವನ ಹೆಂಡತಿ ಚಹಾ ತಂದಿಟ್ಟು, "ಭಾಯಿ ಸಾಬ್, ಇವರಿಗೆ ಹೇಳಿ, ರಾತ್ರಿಯೆಲ್ಲ ಗುನುಗುತ್ತಾರೆ, ನಿದ್ದೆಯೇ ಇಲ್ಲ," ಎಂದು ಹಿಂದಿಯಲ್ಲಿ ದೂರಿ ಒಳಗೆ ಹೋದಳು.

ನಾನು ಲೇಖನದ ಪ್ರಶ್ನೆ ತೆಗೆದೆ. ಮುಖ್ಯವಾದದ್ದನ್ನು ಮುಂದಕ್ಕೆ ಹಾಕಲು ಅಷ್ಟು ಸಾಕಾಯಿತು.

"ಸತ್ತು ಯಾವ ಕಾಲವಾಯ್ತು," ಎಂದ ಗೆಳೆಯ. "ದೊಡ್ಡ ದೊಡ್ಡ ಹಾಲ್‌ನಲ್ಲಿ ಈಗ ನುಡಿಸೋರು ಯಾರು? ಎಪ್ಪತ್ತೈದರ ಮುದುಕರು. ಕೇಳೋರು ಅರವತ್ತೈದರ ಮುದುಕರು. ಹಳೇದನ್ನ ಹಳೇ ಥರಾನೇ ನುಡಿಸ್ಬೇಕು, ಒಂದು ಸ್ವರ ಆಚೀಚೆ ಆದ್ರೆ ಟಿಕೆಟ್ ದುಡ್ಡು ವಾಪಸ್ ಕೊಡಿ ಅಂತಾರೆ. ಹೆಸರು ಮಾತ್ರ ಪ್ರಗತಿಶೀಲ."

"ಪಪ್ಪ ಅಪ್‌ಡೇಟ್ ಆಗಿಲ್ಲ, ಅಂಕಲ್," ಎಂದಳು ಮಗಳು. "ನಿಮ್ಮ ಆರ್ಟಿಕಲ್‌ನಲ್ಲಿ ಇವರ ಮಾತು ಬರೀಬೇಡಿ. ಪೋಲೆಂಡ್, ಜಪಾನ್, ಇಲ್ಲೇ ಗುವಾಹಟಿ, ಎಲ್ಲಾ ಕಡೆ ಹುಡುಗರು ಬೆಡ್‌ರೂಮ್‌ನಲ್ಲಿ ಕೂತು ಅರ್ಧ ಗಂಟೆ ಪೀಸ್ ಮಾಡ್ತಿದ್ದಾರೆ. ಕೆಲವರು ಪ್ರೊಗ್ ಅಂತ ಹೆಸರೇ ಹಾಕಲ್ಲ. ಕೇಳೋರು ಕಮ್ಮಿ. ಲೇಕಿನ್ ಕೇಳೋರು ಪೂರಾ ಕೇಳ್ತಾರೆ."

"ಒಬ್ಬೊಬ್ಬರೇ, ಕಿವಿಗೆ ಸಿಕ್ಕಿಸಿಕೊಂಡು."

"ನೀವು ಮುನಿರ್ಕಾದಲ್ಲಿ ಎಷ್ಟು ಜನಕ್ಕೆ ಪ್ಲೇ ಮಾಡ್ತಿದ್ರಿ ಪಪ್ಪ?"

"ಇಬ್ಬರಿಗೆ," ಎಂದು ಅವನು ನನ್ನ ಕಡೆ ತಲೆಯಾಡಿಸಿದ. "ಇವನೊಬ್ಬ. ಆ ಮುದುಕಿ ಒಬ್ಬಳು."

ಇಬ್ಬರು ಹೇಳಿದ್ದನ್ನೂ ಬರೆದುಕೊಂಡೆ. ಆಮೇಲೆ ಅವನ ಮಾತು ತಗ್ಗಿತು. ಮಗಳು ಹಳೆಯ ಕ್ಯಾಸೆಟ್ ಡೆಕ್ ತರಲು ಒಳಗೆ ಹೋಗಿದ್ದಳು.

"ಡಾಕ್ಟರು ನೆನಪಿಗೆ ಏನೂ ಆಗಿಲ್ಲ ಅಂತಾರೆ," ಎಂದ. "ಸುಳ್ಳು. ಆರೂ ಧಾಟಿ ನೆನಪುಂಟು, ಬಿಡಿಬಿಡಿಯಾಗಿ. ಹೇಗೆ ಕೂಡಿಸಿದ್ದೆ ಅನ್ನೋದು ಇಲ್ಲ. ಹದಿನೆಂಟು ನಿಮಿಷದವರೆಗೆ ಬರ್ತದೆ, ಗೋಡೆ ಅಡ್ಡ ಬಂದ ಹಾಗೆ ನಿಲ್ತದೆ. ಅಷ್ಟನ್ನ ಈ ಕಾಯಿಲೆ ತಿಂದುಹಾಕಿದೆ. ಇನ್ನೇನೇನು ತಿಂದಿದೆಯೋ ಅಂತ ಹೆದರಿಕೆ. ದಿನಾ ಬೆಳಗ್ಗೆ ಎದ್ದು ಅಪ್ಪನ ರೆಜಿಮೆಂಟಿನ ನಂಬರು, ಆರೂ ಊರಿನ ಹೆಸರು ಹೇಳಿಕೊಂಡು ನೋಡ್ತೇನೆ."

ನಾನು ಆಗಲೇ ಹೇಳಬೇಕಿತ್ತು. ಅಷ್ಟರಲ್ಲಿ ಮಗಳು ಬಂದಳು, ಕ್ಯಾಸೆಟ್ ಕೊಟ್ಟೆ.

ಟೇಪು ಚೆನ್ನಾಗೇ ಇತ್ತು. ಮಗಳು ನೆಲದ ಮೇಲೆ ಕೂತು ಕೇಳಿದಳು. ಗೆಳೆಯ ಎಡಗೈಯಲ್ಲಿ ಮೊಣಕಾಲ ಮೇಲೆ ತಾಳ ಹಾಕುತ್ತಿದ್ದ. ನಾನು ಹದಿನೆಂಟು ನಿಮಿಷ ಕಾದೆ. ಡ್ರಮ್ಸ್ ಏರಿತು. ಸಚಿವರು ಗಂಟಲು ಸರಿಮಾಡಿಕೊಂಡರು.

"ಯೇ ಕೌನ್ ಹೈ? ಯಾರಿದು?" ಎಂದಳು ಮಗಳು.

ಹೇಳಿದೆ. ಮದುವೆಯ ದಿನದ ಫೋನು, ಕೆಳಗಿನಿಂದ ಕತ್ತರಿಸಿದ್ದು, ಪತ್ರಿಕಾಗೋಷ್ಠಿ, ಎಲ್ಲವನ್ನೂ ನಡೆದ ಕ್ರಮದಲ್ಲಿ ಹೇಳಿದೆ. ಹಿಂದೆ ಈರುಳ್ಳಿಯ ದಾಸ್ತಾನು ಸಾಕಷ್ಟಿದೆ, ಜನ ಗಾಬರಿಪಡಬೇಕಾಗಿಲ್ಲ ಎಂದು ಸಚಿವರು ಹೇಳುತ್ತಲೇ ಇದ್ದರು. ಯಾರೂ ಡೆಕ್ ನಿಲ್ಲಿಸಲಿಲ್ಲ.

"ನಿಂಗೆ ಯಾವತ್ತು ಗೊತ್ತಾಯ್ತು?" ಎಂದು ಕೇಳಿದ ಗೆಳೆಯ.

"ಅವತ್ತು ಸಂಜೆನೇ."

"ತೀಸ್ ಸಾಲ್, ಅಂಕಲ್! ಮೂವತ್ತು ವರ್ಷ!" ಮಗಳು ಎದ್ದು ನಿಂತಿದ್ದಳು. "ಪಪ್ಪಾಗೆ ನೆನಪಿದ್ದಾಗ ಹೇಳಿದ್ರೆ ಇನ್ನೊಂದ್ ಸಲ ರೆಕಾರ್ಡ್ ಮಾಡ್ತಿದ್ರಲ್ಲ! ಒಂದು ಫೋನ್ ಮಾಡೋಕೆ ಏನಾಗಿತ್ತು ನಿಮಗೆ?"

ಗೆಳೆಯ ಅವಳಿಗೆ ಕೂರಲು ಸನ್ನೆ ಮಾಡಿದ.

"ಅಂದ್ರೆ ನಾನು ಇಷ್ಟು ವರ್ಷ ಕೇಳಿದ್ದು ಆ ತುಂಡನ್ನೇ," ಎಂದ ನಿಧಾನವಾಗಿ. "ಕೇಳಿ ಕೇಳಿ ತಲೆಯಲ್ಲೂ ಅಲ್ಲಿಗೇ ಮುಗಿದಿದೆ. ಕಾಯಿಲೆ ಏನೂ ತಿಂದಿಲ್ಲ." ನಕ್ಕ. ಬಾಯಿಯ ಒಂದು ಕಡೆ ಮಾತ್ರ ನಕ್ಕಿತು. "ತಿಂದಿದ್ರೇ ಒಳ್ಳೇದಿತ್ತು ಮಾರಾಯ. ತಲೆಯೊಳಗೆ ಎಲ್ಲೋ ಉಂಟು, ಒಂದು ದಿನ ವಾಪಸ್ ಬಂದೀತು ಅಂತ ಕಾಯ್ತಿದ್ದೆ," ಎಂದ.

ಆಮೇಲೆ ಕೇಳಿದ, "ನೀನು ಇದ್ಯಲ್ಲ, ಕೇಳಿದ್ಯಲ್ಲ. ಒಂದಿಷ್ಟಾದ್ರೂ ಗುನುಗು. ತಪ್ಪಾದ್ರೂ ಪರವಾಗಿಲ್ಲ."

ಧ್ವನಿ ಮುದ್ರಿಸಿದ ದಿನದ ನನ್ನ ನೋಟ್‌ಬುಕ್ಕನ್ನೂ ತಂದಿದ್ದೆ. ತೆರೆದು ತೋರಿಸಿದೆ. ಏಳು ಭಾಗಗಳ ಎದುರು ಏಳು ಅವಧಿ. ಏಳನೆಯದರ ಎದುರು ನಾಲ್ಕು ನಿಮಿಷ ಹತ್ತು ಸೆಕೆಂಡ್ ಎಂದಿತ್ತು. ಅವರು ನುಡಿಸುವಾಗ ನಾನು ನೋಡುತ್ತಿದ್ದುದು ಗಡಿಯಾರವನ್ನು. ಅವನು ಪುಟವನ್ನು ಎಡಗೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ. "ಅಕ್ಷರ ಚೆನ್ನಾಗುಂಟು," ಎಂದು ವಾಪಸ್ ಕೊಟ್ಟ.

ಲೇಖನ ಬರೆದು ಕಳಿಸಿದೆ. ಜೀವಂತವೇ ಎಂಬ ಪ್ರಶ್ನೆಗೆ ಹೌದು ಎಂದು ಬರೆದೆ. ನುಡಿಸುವವರಿದ್ದಾರೆ, ಹೊಸದಾಗಿ ಕಟ್ಟುವವರಿದ್ದಾರೆ, ಚದುರಿ ಹೋದ ಕೇಳುಗರಿದ್ದಾರೆ, ಒಂದೆಡೆ ಸೇರುವ ಜಾಗಗಳು ಮಾತ್ರ ಕಡಿಮೆ ಎಂದು. ಅದರಲ್ಲಿ ತಪ್ಪೇನಿರಲಿಲ್ಲ. ಅದರಿಂದ ನನ್ನ ಗೆಳೆಯನಿಗೆ ಪ್ರಯೋಜನವೂ ಇರಲಿಲ್ಲ.

ಮಗಳು ಕೊನೆಯನ್ನು ತಾನೇ ಹೊಸದಾಗಿ ಕಟ್ಟುತ್ತೇನೆಂದಳು. ಅವನು ಬೇಡವೆಂದ. ಹದಿನೆಂಟಕ್ಕೇ ನಿಲ್ಲಿಸಿ, ಇಲ್ಲದಿದ್ದರೆ ನುಡಿಸಲೇ ಬೇಡಿ ಎಂದ. ಎರಡು ತಿಂಗಳು ಆ ಮನೆಯಲ್ಲಿ ಅದೇ ಜಗಳ. ಪ್ರತಿ ಭಾನುವಾರ ನಾನು ಹೋಗುತ್ತಿದ್ದೆ. ಮಗಳು ನನ್ನೊಡನೆ ಮಾತು ಬಿಟ್ಟಿದ್ದಳು, ಬಾಗಿಲು ಮಾತ್ರ ತೆಗೆಯುತ್ತಿದ್ದಳು. ಅವಳ ಬ್ಯಾಂಡಿನಲ್ಲಿ ಡ್ರಮ್ಸ್ ನುಡಿಸುವವನು ಹುಬ್ಬಳ್ಳಿಯವನು, ಅವಳದೇ ಕಂಪನಿಯಲ್ಲಿದ್ದಾನೆ. ಕೊನೆಗೆ ಅವನೇ ದಾರಿ ಮಾಡಿದ.

"ಸರ, ನೀವು ಇದನ್ನ ಬರದಾಗ ನಿಮಗ ಎಷ್ಟು ವಯಸ್ಸು?" ಎಂದು ಕೇಳಿದ.

"ಇಪ್ಪತ್ನಾಲ್ಕು."

"ನಿಮ್ಮ ತಂದಿಯವರಿಗೆ ಕೇಳಿ ಬರದ್ರೇನು?"

ಗೆಳೆಯ ಅವನನ್ನೇ ನೋಡಿದ. "ನೀನು ಬಲು ಕಿಲಾಡಿ ಇದ್ದಿ," ಎಂದ. ಒಪ್ಪಿಗೆ ಅಂದರೆ ಅಷ್ಟೇ.

ಮಾರ್ಚ್ ತಿಂಗಳ ಒಂದು ಭಾನುವಾರ, ಹನ್ನೊಂದು ಗಂಟೆಗೆ, ಅವರ ಅಪಾರ್ಟ್‌ಮೆಂಟ್ ಸೊಸೈಟಿಯ ಕ್ಲಬ್ ಹಾಲಿನಲ್ಲಿ ನುಡಿಸಿದರು. ಯೋಗ ತರಗತಿಗೆ ಹಾಸಿದ್ದ ಚಾಪೆಗಳನ್ನು ಸುತ್ತಿ ಮೂಲೆಗಿಟ್ಟಿದ್ದರು. ಇಪ್ಪತ್ತು ಜನರಿರಬಹುದು, ಹೆಚ್ಚಿನವರು ಮಗಳ ವಯಸ್ಸಿನವರು. ಒಬ್ಬರೂ ಫೋನ್ ಹೊರತೆಗೆಯದೆ ಕೂತಿದ್ದರು. ಅದನ್ನು ನಾನು ಗಮನಿಸಿದೆ, ಲೇಖನದಲ್ಲಿ ಸೇರಿಸಬಹುದಿತ್ತು. ಗೆಳೆಯನ ಹೆಂಡತಿ ಎಲ್ಲರಿಗೂ ಅಡುಗೆ ಮಾಡುತ್ತಾ ಮೇಲೆ ಮನೆಯಲ್ಲೇ ಉಳಿದಿದ್ದಳು. ತಿಂಗಳುಗಟ್ಟಲೆ ತಾಲೀಮು ಕೇಳಿ ಸಾಕಾಗಿದೆ ಎಂದಿದ್ದಳು.

ಹದಿನೆಂಟು ನಿಮಿಷ ಚೆನ್ನಾಗಿ ಬಂತು, ಮುನಿರ್ಕಾದಲ್ಲಿ ನುಡಿಸಿದ್ದಕ್ಕಿಂತ ಚೆನ್ನಾಗಿ. ಗೆಳೆಯನ ಎಡಗೈ ಮೊಣಕಾಲ ಮೇಲೆ ಆಡುತ್ತಿತ್ತು. ಡ್ರಮ್ಸ್ ಏರಿತು. ಅವನ ಕೈ ನಿಂತಿತು.

ಮಗಳು ಆರು ಧಾಟಿಗಳನ್ನು ಕೂಡಿಸುವ ಗೋಜಿಗೆ ಹೋಗಿರಲಿಲ್ಲ. ಒಂದೊಂದನ್ನೇ ತೆಗೆಯುತ್ತಾ ಬಂದಳು. ಮೊದಲು ಗಿಟಾರು ನಿಂತಿತು, ಆಮೇಲೆ ಬೇಸ್ ಗಿಟಾರು. ಡ್ರಮ್ಸ್ ಬರಿಯ ಏಳರ ಎಣಿಕೆಯಾಗಿ ಸ್ವಲ್ಪ ದೂರ ಬಂದು ಅದೂ ನಿಂತಿತು. ಕೊನೆಗೆ ಅವಳ ಕೀಬೋರ್ಡಿನಲ್ಲಿ ಮೊದಲ ಊರಿನ ಧಾಟಿಯೊಂದೇ, ಅದೂ ಅರ್ಧ ವೇಗದಲ್ಲಿ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಈ ಸಲ ನಾನು ಗಡಿಯಾರ ನೋಡಲಿಲ್ಲ, ಎಷ್ಟು ನಿಮಿಷವಾಯಿತೆಂದು ಗೊತ್ತಿಲ್ಲ.

ಮಗಳು ಬಂದು ಅವನ ಕುರ್ಚಿಯ ಮುಂದೆ ನಿಂತಳು. "ಪಪ್ಪ?"

ಎಡಗೈಯಿಂದ ಅವಳ ಮಣಿಕಟ್ಟು ಹಿಡಿದುಕೊಂಡ. "ಚೆನ್ನಾಗಿತ್ತು ಮಗಳೇ," ಎಂದ. "ನಿಧಾನಕ್ಕೆ ಮುಗಿಸುವ ಧೈರ್ಯ ನನಗೆ ಇರ್ಲಿಲ್ಲ." ಅವಳು ಅತ್ತಳು, ಗೆಳೆಯರು ಎಳೆದುಕೊಂಡು ಹೋದರು. ಹೋಗುವಾಗ ತಿರುಗಿ, "ಅಂಕಲ್, ಪಪ್ಪನ್ನ ಮೇಲೆ ಕರ್ಕೊಂಡು ಹೋಗಿ, ಪ್ಲೀಸ್," ಎಂದಳು. ಎರಡು ತಿಂಗಳಲ್ಲಿ ನನ್ನೊಡನೆ ಆಡಿದ ಮೊದಲ ಮಾತು.

ಗಾಲಿಕುರ್ಚಿ ತಳ್ಳಿಕೊಂಡು ಲಿಫ್ಟಿಗೆ ಹೋದೆ. ಬಾಗಿಲು ಮುಚ್ಚಿಕೊಂಡಿತು. ನಾವಿಬ್ಬರೇ ಇದ್ದೆವು.

"ಅದಲ್ಲ," ಎಂದ.

"ಅಲ್ಲ," ಎಂದೆ.

ಅವನು ಕತ್ತು ಹೊರಳಿಸಿ ನನ್ನನ್ನು ನೋಡಲು ಪ್ರಯತ್ನಿಸಿದ. ಆಗಲಿಲ್ಲ. "ಅಲ್ಲ ಅಂತ ನಿಂಗೆ ಹೇಗೆ ಗೊತ್ತು?"

ನನಗೆ ಗೊತ್ತಿತ್ತು. ಹೇಗೆಂದು ಹೇಳಲು ಬರಲಿಲ್ಲ. ಒಂದು ಸ್ವರವೂ ನೆನಪಿರಲಿಲ್ಲ. ಕಣ್ಣು ಮುಚ್ಚಿ ಪ್ರಯತ್ನಿಸಿದೆ. ಲಿಫ್ಟು ಒಂಬತ್ತನೇ ಮಹಡಿ ಮುಟ್ಟುವವರೆಗೂ ಅವನು ಕಾದ.

ಅವನ ಹೆಂಡತಿ ಮನೆಯ ಬಾಗಿಲಲ್ಲೇ ಇದ್ದಳು, ಕೈಯಲ್ಲಿ ಸೌಟು ಹಿಡಿದುಕೊಂಡು. "ಕೈಸಾ ರಹಾ?" ಎಂದಳು. ಹೇಗಾಯಿತು ಎಂದು.

"ಪೂರಾ ಬಜಾಯಾ," ಎಂದ ಅವನು. ಪೂರ್ತಿ ನುಡಿಸಿದಳು, ಕೊನೆಯವರೆಗೂ. "ಆಖಿರ್ ತಕ್."